ಲ್ಯಾಪ್‌ಟಾಪ್ ಹೊಸದು, ಕರ್ನಲ್ ಹಳೆಯದು

ಹೊಸ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದವರ ದೂರುಗಳು ಊರಿಂದೂರಿಗೆ ಬದಲಾಗುವುದಿಲ್ಲ. ವೈಫೈ ಪಟ್ಟಿಯೇ ಕಾಣಿಸುವುದಿಲ್ಲ. ಕ್ಯಾಮೆರಾ ಇದೆ ಎಂಬುದೇ ಯಂತ್ರಕ್ಕೆ ಗೊತ್ತಿಲ್ಲ. ಸ್ಪೀಕರ್‌ನಲ್ಲಿ ಸದ್ದು ಬಂದರೂ ಕೇಳಿಸಲಾರದಷ್ಟು ಸಣ್ಣದು. ಬೆಳಿಗ್ಗೆ ಮುಚ್ಚಿ ಚೀಲಕ್ಕೆ ಹಾಕಿದ ಯಂತ್ರ ಸಂಜೆ ತೆಗೆಯುವಾಗ ಬಿಸಿಯಾಗಿರುತ್ತದೆ, ಬ್ಯಾಟರಿ ತಳ ಕಂಡಿರುತ್ತದೆ. ಈ ದೂರುಗಳಿಗೆ ಎರಡು ಸಿದ್ಧ ಉತ್ತರಗಳಿವೆ. ಲಿನಕ್ಸ್ ಏನಿದ್ದರೂ ಸರ್ವರ್‌ಗಳಿಗೆ ಸರಿ, ಮನೆಬಳಕೆಗೆ ಅಲ್ಲ ಎನ್ನುವುದು ಒಂದು. ಹಾಕಿದವರಿಗೆ ಹಾಕಲು ಬರಲಿಲ್ಲ ಎನ್ನುವುದು ಇನ್ನೊಂದು. ಎರಡೂ ಒಂದು ಸರಳ ಸಂಗತಿಯ ಮುಂದೆ ನಿಲ್ಲುವುದಿಲ್ಲ: ಐದಾರು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ ಅದೇ ಲಿನಕ್ಸನ್ನು, ಅಷ್ಟೇ ತಿಳಿವಳಿಕೆಯ ಜನ ಹಾಕಿದಾಗ ಇದೇ ದೂರುಗಳು ಬರುವುದು ಅಪರೂಪ. ಹಾಗಾದರೆ ಬದಲಾದದ್ದು ಲಿನಕ್ಸೂ ಅಲ್ಲ, ಬಳಸುವವರೂ ಅಲ್ಲ, ಯಂತ್ರದ ವಯಸ್ಸು. ಒಂದು ಚಿಪ್ ಅಂಗಡಿಗೆ ಬಂದ ದಿನಕ್ಕೂ ಅದನ್ನು ನಡೆಸುವ ಕೋಡ್ ನಮ್ಮ ಕೈಗೆ ಬಂದ ದಿನಕ್ಕೂ ನಡುವೆ ಒಂದು ಅಂತರವಿದೆ. ತೊಂದರೆಗಳೆಲ್ಲ ಹೆಚ್ಚುಕಡಿಮೆ ಆ ಅಂತರದಲ್ಲೇ ಹುಟ್ಟುತ್ತವೆ. ಆದ್ದರಿಂದ ಹೊಸ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂಬುದು ಬಹುಪಾಲು ಅದನ್ನು ಕೊಳ್ಳುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಆ ತೀರ್ಮಾನ ಮಾಡಲು ಬೇಕಾದ ಮಾಹಿತಿಯನ್ನು ಮಾರುವವರು ನಮಗೆ ಕೊಡುತ್ತಿಲ್ಲ ಎಂಬುದೇ ನನ್ನ ತಕರಾರು.

ಅಂತರ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ವಿಂಡೋಸ್‌ನಲ್ಲಿ ಚಿಪ್ ನಡೆಸುವ ಕೋಡನ್ನು, ಅಂದರೆ ಡ್ರೈವರನ್ನು ಬರೆಯುವುದೂ ಅದನ್ನು ಯಂತ್ರಕ್ಕೆ ತುಂಬಿ ಕಳಿಸುವುದೂ ತಯಾರಕರ ಕೆಲಸ. ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್‌ಗಳು ಕರ್ನಲ್ ಎಂಬ ಅದರ ತಿರುಳಿನ ಒಡಲಲ್ಲೇ ಇರುತ್ತವೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಆ ಕರ್ನಲ್‌ನ ಹೊಸ ಆವೃತ್ತಿ ಈಗ ಒಂಬತ್ತು-ಹತ್ತು ವಾರಕ್ಕೊಂದರಂತೆ ಬರುತ್ತದೆ. ಪ್ರತಿ ಸಲವೂ ಒಂದಷ್ಟು ಹೊಸ ಚಿಪ್‌ಗಳಿಗೆ ಡ್ರೈವರ್ ಸೇರಿಕೊಳ್ಳುತ್ತದೆ. ಆದರೆ ನಾವು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುವುದು ಬರಿಯ ಕರ್ನಲನ್ನಲ್ಲ, ಉಬುಂಟು, ಡೆಬಿಯನ್, ಮಿಂಟ್, ಫೆಡೋರಾದಂಥ ಒಂದು ಡಿಸ್ಟ್ರೊವನ್ನು. ಡಿಸ್ಟ್ರೊ ಕಟ್ಟುವವರು ಯಾವುದೋ ಒಂದು ಕರ್ನಲನ್ನು ಆರಿಸಿ, ಪರೀಕ್ಷಿಸಿ, ಅಲ್ಲಿಗೆ ಗೆರೆ ಎಳೆಯುತ್ತಾರೆ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಲ್ಲಿದ್ದದ್ದು 2022ರ ಡಿಸೆಂಬರ್‌ನ 6.1 ಕರ್ನಲ್. ಅದಕ್ಕೆ ಭದ್ರತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ಹೊಸ ಚಿಪ್‌ಗಳ ಡ್ರೈವರ್ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಮೀಡಿಯಾಟೆಕ್‌ನ ಎಂಟಿ7921 ಎಂಬ ವೈಫೈ ಚಿಪ್‌ನ ಕಥೆ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 2021ರಲ್ಲಿ ಎಎಮ್‌ಡಿ ಪ್ರೊಸೆಸರ್‌ನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಚಿಪ್ ಬಂತು. ಅದರ ಡ್ರೈವರ್ ಕರ್ನಲ್‌ಗೆ ಸೇರಿದ್ದು 5.12ರಲ್ಲಿ, 2021ರ ಏಪ್ರಿಲ್ ಹೊತ್ತಿಗೆ. ಆಗ ಹೆಚ್ಚು ಜನ ಬಳಸುತ್ತಿದ್ದ, ಹೊಸಬರಿಗೆ ಎಲ್ಲರೂ ಶಿಫಾರಸು ಮಾಡುತ್ತಿದ್ದ ಉಬುಂಟು 20.04 ಹೊರಬಂದದ್ದು 5.4 ಕರ್ನಲ್‌ನೊಂದಿಗೆ. ಅದನ್ನು ಹಾಕಿದರೆ ವೈಫೈ ಇಲ್ಲ. ಅದೇ ಯಂತ್ರಕ್ಕೆ ಆ ಅಕ್ಟೋಬರ್‌ನಲ್ಲಿ ಬಂದ ಉಬುಂಟು 21.10 ಹಾಕಿದರೆ ಕರ್ನಲ್ 5.13, ಡ್ರೈವರ್ ಒಳಗೇ ಇದೆ. ರಿಯಲ್‌ಟೆಕ್‌ನ ಆರ್‌ಟಿಎಲ್8852 ಸಾಲಿನ ಚಿಪ್‌ಗಳಿಗೂ ಹೀಗೇ ಆಯಿತು. ಆ ಸಾಲಿನ ಮೊದಲ ಚಿಪ್‌ನ ಡ್ರೈವರ್ ಸೇರಿದ್ದು 5.16ರಲ್ಲಿ, 2022ರ ಆರಂಭಕ್ಕೆ. ಮೊದಲ ಡಿಸ್ಟ್ರೊ ಹಾಕಿ, ವೈಫೈ ಕಾಣದೆ ಸೋತು ವಿಂಡೋಸ್‌ಗೆ ಮರಳಿದವರ ಕೈಯಲ್ಲಿ ಕೊರತೆಯಿರಲಿಲ್ಲ, ತಿಂಗಳುಗಳ ಲೆಕ್ಕವೊಂದು ಅವರಿಗೆ ಹೊಂದಿಬರಲಿಲ್ಲ ಅಷ್ಟೇ.

ಡ್ರೈವರ್ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಇಂದಿನ ವೈಫೈ, ಬ್ಲೂಟೂತ್, ಗ್ರಾಫಿಕ್ಸ್ ಚಿಪ್‌ಗಳು ತಾವೇ ಒಂದೊಂದು ಪುಟ್ಟ ಕಂಪ್ಯೂಟರ್. ಅವು ಏಳಬೇಕಾದರೆ ಅವುಗಳೊಳಗೆ ಫರ್ಮ್‌ವೇರ್ ಎಂಬ ಇನ್ನೊಂದು ಕಡತವನ್ನು ಪ್ರತಿ ಸಲವೂ ತುಂಬಬೇಕು. ಈ ಕಡತದ ಮೂಲ ಕೋಡ್ ಸಾಮಾನ್ಯವಾಗಿ ಕಂಪನಿಯ ಗುಟ್ಟು. ಹಂಚಲು ಅನುಮತಿ ಇರುತ್ತದೆ, ತಿದ್ದಲು ಇರುವುದಿಲ್ಲ. ಮುಕ್ತ ತಂತ್ರಾಂಶದ ತತ್ವಕ್ಕೆ ಬಿಗಿಯಾಗಿ ಅಂಟಿಕೊಂಡ ಡೆಬಿಯನ್ ಬಹುಕಾಲ ಇಂಥ ಕಡತಗಳನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನಿಂದ ಹೊರಗಿಟ್ಟಿತ್ತು. ಇದರಿಂದ ವೈಫೈ ಫರ್ಮ್‌ವೇರ್ ಇಳಿಸಿಕೊಳ್ಳಲು ವೈಫೈ ಬೇಕು ಎಂಬ ಇಕ್ಕಟ್ಟು ಹುಟ್ಟಿತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ನಿಲುವು ಬದಲಿಸಿದರು, ಡೆಬಿಯನ್ 12ರಿಂದ ಫರ್ಮ್‌ವೇರ್ ಇನ್‌ಸ್ಟಾಲರ್‌ನೊಳಗೇ ಬರುತ್ತಿದೆ. ಈ ತೀರ್ಮಾನವನ್ನು ಸೋಲೆಂದು ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಫರ್ಮ್‌ವೇರ್ ಮುಚ್ಚಿದ್ದರೂ ಅದರ ಮೇಲಿರುವ ವ್ಯವಸ್ಥೆಯೆಲ್ಲ ತೆರೆದಿರುವ ಯಂತ್ರವೊಂದು ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ಇಡಬಹುದು. ನೆಟ್ಟೇ ಸಿಗದ ಯಂತ್ರವನ್ನು ಹೊಸಬರು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಎಲ್ಲ ಭಾಗಗಳೂ ಹೀಗೆ ಕಾಡುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪೆನ್‌ಡ್ರೈವ್ ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಯುಎಸ್‌ಬಿ ಕೀಲಿಮಣೆ, ಮೌಸ್, ಎನ್‌ವಿಎಮ್‌ಇ ಡಿಸ್ಕ್ ಇವುಗಳ ಬಗ್ಗೆಯೂ ಕೇಳುವುದಿಲ್ಲ. ಇವೆಲ್ಲ ಹೇಗೆ ಮಾತಾಡಬೇಕೆಂಬ ನಿಯಮ ಬಹಿರಂಗವಾಗಿ ಪ್ರಕಟವಾಗಿದೆ. ಒಂದೇ ಡ್ರೈವರ್ ಎಲ್ಲ ಕಂಪನಿಗಳ ವಸ್ತುವಿಗೂ ಸಾಕು. ಲ್ಯಾಪ್‌ಟಾಪ್ ಕ್ಯಾಮೆರಾ ಕೂಡ ವರ್ಷಗಟ್ಟಲೆ ಹೀಗೇ ಇತ್ತು. ಒಳಗೆ ಯುಎಸ್‌ಬಿ ತಂತಿಗೆ ಜೋಡಿಸಿದ, ಯುವಿಸಿ ಎಂಬ ಮಾನಕವನ್ನು ಪಾಲಿಸುವ ಕ್ಯಾಮೆರಾ. ಲಿನಕ್ಸ್ ಅದನ್ನು ಏನೂ ಕೇಳದೆ ನಡೆಸುತ್ತಿತ್ತು. ಆಮೇಲೆ ಇಂಟೆಲ್ ಕಂಪನಿ ಕ್ಯಾಮೆರಾದ ಚಿತ್ರ ಸಂಸ್ಕರಣೆಯನ್ನು ಪ್ರೊಸೆಸರ್‌ನೊಳಗಿನ ಐಪಿಯು6 ಎಂಬ ಘಟಕಕ್ಕೆ ಸರಿಸಿತು. 2022ರಲ್ಲಿ ಬಂದ ಹಲವು ತೆಳ್ಳನೆಯ, ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾದ ಬರಿಯ ಸೆನ್ಸರ್ ಮಾತ್ರ ಪರದೆಯ ಅಂಚಿನಲ್ಲಿದೆ. ಅದು ಕಳಿಸುವ ಕಚ್ಚಾ ಸಂಕೇತವನ್ನು ಚಿತ್ರವಾಗಿಸುವ ಕೆಲಸ ಇಂಟೆಲ್‌ನ ಮುಚ್ಚಿದ ತಂತ್ರಾಂಶದ್ದು. ಈ ಘಟಕದಿಂದ ಕಚ್ಚಾ ಸಂಕೇತವನ್ನು ಪಡೆದುಕೊಳ್ಳುವ ಡ್ರೈವರ್ ಮುಖ್ಯ ಕರ್ನಲ್‌ಗೆ ಸೇರಿದ್ದು 6.10ರಲ್ಲಿ, 2024ರ ಮಧ್ಯಕ್ಕೆ. ಸಂಸ್ಕರಣೆಯ ಭಾಗವನ್ನು ಲಿಬ್‌ಕ್ಯಾಮೆರಾ ಎಂಬ ಮುಕ್ತ ಯೋಜನೆಯವರು ಪ್ರೊಸೆಸರ್‌ನ ಬಲದಿಂದಲೇ ಮಾಡಿ ತೋರಿಸಬೇಕಾಯಿತು. ಲಕ್ಷಕ್ಕೂ ಹೆಚ್ಚು ಕೊಟ್ಟು ಕೊಂಡ ಯಂತ್ರದಲ್ಲಿ ಇಲ್ಲದ ಅನುಕೂಲ ಅಗ್ಗದ ಯಂತ್ರದ ಹಳೆಯ ಯುಎಸ್‌ಬಿ ಕ್ಯಾಮೆರಾದಲ್ಲಿತ್ತು. ಬೆಲೆ ಹೆಚ್ಚಾದಷ್ಟೂ ಹೊಂದಾಣಿಕೆ ಹೆಚ್ಚು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಸ್ಪೀಕರ್‌ನ ತೊಂದರೆಯೂ ಇದೇ ಜಾತಿಯದು. ತೆಳ್ಳನೆಯ ಯಂತ್ರದಲ್ಲಿ ದೊಡ್ಡ ಸದ್ದು ಬರಿಸಲು ತಯಾರಕರು ಪ್ರತ್ಯೇಕ ಆಂಪ್ಲಿಫೈಯರ್ ಚಿಪ್‌ಗಳನ್ನು ಹಾಕುತ್ತಾರೆ. ಅವು ಬೋರ್ಡಿನಲ್ಲಿ ಹೇಗೆ ಜೋಡಣೆಯಾಗಿವೆ ಎಂಬ ವಿವರವನ್ನು ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ನಲ್ಲಿ ಬರೆಯಬೇಕು. ಎಷ್ಟೋ ಮಾದರಿಗಳಲ್ಲಿ ಬರೆದಿರುವುದಿಲ್ಲ. ಆಗ ಕರ್ನಲ್ ಅಭಿವೃದ್ಧಿಗಾರರು ಒಂದೊಂದು ಮಾದರಿಯನ್ನೂ ಹೆಸರು ಹಿಡಿದು ಪಟ್ಟಿಗೆ ಸೇರಿಸುತ್ತ ಹೋಗಬೇಕು. ನಿಮ್ಮ ಮಾದರಿ ಇನ್ನೂ ಆ ಪಟ್ಟಿಗೆ ಬಂದಿಲ್ಲವೆಂದರೆ ಸದ್ದು ಕ್ಷೀಣ, ಅಥವಾ ಇಲ್ಲವೇ ಇಲ್ಲ.

ನಿದ್ರೆಯ ವಿಷಯ ಇವೆಲ್ಲಕ್ಕಿಂತ ಜಟಿಲ, ಹೆಚ್ಚು ತಪ್ಪಾಗಿ ಅರ್ಥವಾಗಿರುವುದೂ ಅದೇ. ಹಿಂದೆ ಲ್ಯಾಪ್‌ಟಾಪ್ ಮುಚ್ಚಿದರೆ ಅದು ಎಸ್3 ಎಂಬ ಸ್ಥಿತಿಗೆ ಹೋಗುತ್ತಿತ್ತು. ಮೆಮೊರಿಗೆ ಮಾತ್ರ ವಿದ್ಯುತ್, ಉಳಿದದ್ದೆಲ್ಲ ಬಂದ್. ಹೀಗೆ ಬಂದ್ ಮಾಡುವ ಹೊಣೆ ಬಯೋಸ್‌ನದು. ಫೋನಿನ ಹಾಗೆ ಕ್ಷಣಮಾತ್ರದಲ್ಲಿ ಏಳಬೇಕು, ಮಲಗಿದಾಗಲೂ ಮೇಲ್ ಬರಬೇಕು ಎಂಬ ಆಸೆಯಿಂದ ಮೈಕ್ರೋಸಾಫ್ಟ್ ಮತ್ತು ಚಿಪ್ ಕಂಪನಿಗಳು ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಪದ್ಧತಿಗೆ ಹೊರಳಿದವು. ಇದರಲ್ಲಿ ಯಂತ್ರ ಲೆಕ್ಕಕ್ಕೆ ಎಚ್ಚರವಾಗಿಯೇ ಇರುತ್ತದೆ. ಡಿಸ್ಕ್, ವೈಫೈ, ಗ್ರಾಫಿಕ್ಸ್, ಕಾರ್ಡ್ ರೀಡರ್ ಒಂದೊಂದೂ ತಾನೇ ತಾನಾಗಿ ಆಳದ ನಿದ್ರೆಗೆ ಇಳಿಯಬೇಕು, ಆಗ ಮಾತ್ರ ಪ್ರೊಸೆಸರ್ ಪೂರ್ತಿ ಮಲಗುತ್ತದೆ. ಮನೆಯ ಒಂದು ಕೋಣೆಯಲ್ಲಿ ಒಬ್ಬರು ಓದುತ್ತ ಕೂತಿದ್ದರೂ ಮೇನ್ ಸ್ವಿಚ್ ಆರಿಸಲಾಗದಂತೆ, ಒಂದೇ ಒಂದು ಭಾಗ ಎಚ್ಚರವಿದ್ದರೂ ಇಡೀ ಯಂತ್ರ ವಿದ್ಯುತ್ ತಿನ್ನುತ್ತಲೇ ಇರುತ್ತದೆ. ಚೀಲದೊಳಗೆ ಬಿಸಿಯಾಗುವುದು ಈ ಕಾರಣಕ್ಕೆ. ವಿಂಡೋಸ್ ಬಳಕೆದಾರರೂ ಇದೇ ದೂರು ಹೇಳುತ್ತಾರೆ. ಇದು ಲಿನಕ್ಸ್ ಹುಟ್ಟಿಸಿದ ರೋಗವಲ್ಲ. ಆದರೆ ಲಿನಕ್ಸ್‌ಗೆ ಹೊರೆ ಹೆಚ್ಚು, ಯಾಕೆಂದರೆ ಯಂತ್ರದ ಒಂದೊಂದು ಭಾಗದ ಡ್ರೈವರೂ ಈ ನಿದ್ರೆಯನ್ನು ಕಲಿತಿರಬೇಕು. ಇತ್ತೀಚಿನ ಹಲವು ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್3 ಎಂಬುದೇ ಇಲ್ಲ. ಹಿಂದಕ್ಕೆ ಹೋಗುವ ದಾರಿ ಮುಚ್ಚಿದೆ. ತಯಾರಕರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆಯಿದೆ. 2018ರ ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ಎಸ್3 ಇಲ್ಲದೆ ಬಂತು, ದೂರುಗಳು ಬಂದವು, ಲೆನೊವೊ ಬಯೋಸ್ ಅಪ್‌ಡೇಟ್‌ನಲ್ಲಿ ನಿದ್ರೆಯ ಬಗೆಯನ್ನು ವಿಂಡೋಸ್ ಅಥವಾ ಲಿನಕ್ಸ್ ಎಂದು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಅಲ್ಲಿಯವರೆಗೆ ಬಳಕೆದಾರರು ಬಯೋಸ್‌ನ ಕೋಷ್ಟಕಗಳನ್ನು ತಾವೇ ಬಿಚ್ಚಿ ತಿದ್ದಿಕೊಳ್ಳುತ್ತಿದ್ದರು.

ಆ ಕೋಷ್ಟಕಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಎಸಿಪಿಐ ಎಂಬ ವ್ಯವಸ್ಥೆಯಡಿ ಬಯೋಸ್‌ನ ಕೋಡ್ ಕಾರ್ಯಾಚರಣ ವ್ಯವಸ್ಥೆಯನ್ನು ನೀನು ಯಾರು ಎಂದು ಕೇಳಬಹುದು. ಬಯೋಸ್ ಕೇಳುವುದು ಸಾಮಾನ್ಯವಾಗಿ ವಿಂಡೋಸ್‌ನ ಇಂತಿಂಥ ಆವೃತ್ತಿಯೇ ನೀನು ಎಂದು. ಲಿನಕ್ಸ್ ಕರ್ನಲ್ ಆ ಪ್ರಶ್ನೆಗಳಿಗೆಲ್ಲ ಹೌದು ಎನ್ನುತ್ತದೆ. ಲಿನಕ್ಸೇ ನೀನು ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ತಯಾರಕರು ಪರೀಕ್ಷಿಸಿರುವುದು ವಿಂಡೋಸ್‌ನ ದಾರಿಯೊಂದನ್ನೇ, ಬೇರೆ ದಾರಿಯಲ್ಲಿ ಹೋದರೆ ತಪ್ಪುಗಳೇ ಎದುರಾಗುತ್ತವೆ ಎಂಬುದನ್ನು ಅಭಿವೃದ್ಧಿಗಾರರು ಅನುಭವದಿಂದ ಕಲಿತಿದ್ದಾರೆ. ನಾನೇ ವಿಂಡೋಸ್ ಎಂದು ಹೇಳಿಕೊಂಡು ಬದುಕಬೇಕಾದ ಸ್ಥಿತಿಯಲ್ಲಿರುವ ವ್ಯವಸ್ಥೆಯನ್ನು ಹೊಂದಾಣಿಕೆಯಿಲ್ಲದ್ದು ಎಂದು ದೂರುವುದು ನ್ಯಾಯವಲ್ಲ.

ಇಲ್ಲಿ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ಇಷ್ಟೆಲ್ಲ ಯಾಕೆ, ವಿಂಡೋಸ್ ಇದ್ದರೆ ಎಲ್ಲ ತಾನಾಗಿ ನಡೆಯುತ್ತದಲ್ಲ? ನಡೆಯುತ್ತದೆ, ಅದನ್ನು ಕಾರ್ಖಾನೆಯಲ್ಲೇ ಹೊಂದಿಸಿ ಕಳಿಸಿರುವುದರಿಂದ. ಖಾಲಿ ಡಿಸ್ಕಿಗೆ ವಿಂಡೋಸ್ 11ನ್ನು ನಾವೇ ಹಾಕಲು ಹೊರಟರೆ ಚಿತ್ರ ಬೇರೆ. ಡಿಸ್ಕ್ ನೋಡಿಕೊಳ್ಳುವ ಇಂಟೆಲ್‌ನ ವಿಎಮ್‌ಡಿ ಎಂಬ ಸೌಲಭ್ಯ ಆನ್ ಇರುವ ಯಂತ್ರಗಳಲ್ಲಿ ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣಿಸದೆ ಹೋಗುವುದುಂಟು. ತಯಾರಕರ ತಾಣದಿಂದ ಡ್ರೈವರ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಕೊಡಬೇಕು. ಹೋಮ್ ಆವೃತ್ತಿ ನೆಟ್ ಸಂಪರ್ಕ ಕೇಳುತ್ತದೆ, ಹೊಸ ವೈಫೈ ಚಿಪ್‌ಗೆ ಡ್ರೈವರ್ ಒಳಗಿಲ್ಲದಿದ್ದರೆ ಅಲ್ಲೇ ನಿಲ್ಲಬೇಕಾಗುತ್ತದೆ. ಅಂದರೆ ನಾವು ಹೋಲಿಸುತ್ತಿರುವುದು ತಯಾರಕರು ಹಾಕಿಕೊಟ್ಟ ವಿಂಡೋಸನ್ನೂ ನಾವೇ ಹಾಕಿಕೊಂಡ ಲಿನಕ್ಸನ್ನೂ. ಹಾಗಿದ್ದರೆ ತಯಾರಕರೇ ಹಾಕಿಕೊಟ್ಟ ಲಿನಕ್ಸ್ ಹೇಗಿರುತ್ತದೆ? ಡೆಲ್ 2012ರಿಂದ ಎಕ್ಸ್‌ಪಿಎಸ್ 13ರ ಡೆವಲಪರ್ ಆವೃತ್ತಿಯನ್ನು ಉಬುಂಟು ಸಮೇತ ಮಾರಿತು. ಲೆನೊವೊ 2020ರಲ್ಲಿ ಕೆಲವು ಥಿಂಕ್‌ಪ್ಯಾಡ್‌ಗಳನ್ನು ಫೆಡೋರಾದೊಂದಿಗೆ ತಂದಿತು. ಅಲ್ಲಿ ಕಂಪನಿಯ ಎಂಜಿನಿಯರ್‌ಗಳೇ ಡ್ರೈವರ್ ತಿದ್ದುಪಡಿಗಳನ್ನು ಮುಖ್ಯ ಕರ್ನಲ್‌ಗೆ ಕಳಿಸುತ್ತಾರೆ. ರಿಚರ್ಡ್ ಹ್ಯೂಸ್ ಶುರುಮಾಡಿದ ಎಲ್‌ವಿಎಫ್‌ಎಸ್ ಸೇವೆಯ ಮೂಲಕ ಬಯೋಸ್ ಅಪ್‌ಡೇಟ್ ಕೂಡ ಲಿನಕ್ಸ್‌ನೊಳಗೇ ಬರುತ್ತದೆ. ಕೆಲಸ ಯಾರು ಮಾಡಿದರು ಎಂಬುದರ ಮೇಲೆ ಎಲ್ಲ ನಿಂತಿದೆ.

ಎರಡನೆಯ ಆಕ್ಷೇಪ ಲಿನಕ್ಸ್ ಬಲ್ಲವರಿಂದಲೇ ಬರುತ್ತದೆ: ಹೊಸಬರಿಗೆ ಹೊಸ ಕರ್ನಲ್ ಕೊಟ್ಟರೆ ಹೊಸ ದೋಷಗಳೂ ಬರುತ್ತವೆ, ದೀರ್ಘಾವಧಿ ಬೆಂಬಲದ ಸ್ಥಿರ ಆವೃತ್ತಿಯೇ ಅವರಿಗೆ ಸುರಕ್ಷಿತ. ಈ ಮಾತಿನಲ್ಲಿ ಹುರುಳಿದೆ. ಆದರೆ ನಿನ್ನೆಯ ಯಂತ್ರಕ್ಕೆ ಸ್ಥಿರವಾದದ್ದು ಇಂದಿನ ಯಂತ್ರಕ್ಕೆ ಅಪೂರ್ಣ. ಸ್ಥಿರತೆಯನ್ನು ಬಿಡದೆಯೇ ಹೊಸ ಕರ್ನಲ್ ಪಡೆಯುವ ದಾರಿಗಳು ಈಗಾಗಲೇ ಇವೆ. 6.8ರೊಂದಿಗೆ ಬಂದ ಉಬುಂಟು 24.04ಕ್ಕೆ 2025ರ ಫೆಬ್ರವರಿಯಲ್ಲಿ 6.11 ಸಿಕ್ಕಿತು, ಡೆಬಿಯನ್‌ಗೆ ಬ್ಯಾಕ್‌ಪೋರ್ಟ್ಸ್ ಎಂಬ ಹೊಸ ಆವೃತ್ತಿಗಳ ಸಂಗ್ರಹ ಇದೆ, ಫೆಡೋರಾ ತನ್ನ ಒಂದೇ ಆವೃತ್ತಿಯೊಳಗೂ ಕರ್ನಲನ್ನು ಮುಂದಕ್ಕೆ ಒಯ್ಯುತ್ತಿರುತ್ತದೆ. ಯಂತ್ರ ಒಂದು ವರ್ಷದೊಳಗಿನದಾದರೆ ಹೊಸ ಕರ್ನಲ್, ಅದಕ್ಕೂ ಹಳೆಯದಾದರೆ ಯಾವುದಾದರೂ ಸರಿ ಎಂಬುದು ನನ್ನ ಸಲಹೆ. ಇದನ್ನು ಬಿಟ್ಟು ಹಳೆಯ ಕರ್ನಲ್ ಇಟ್ಟುಕೊಂಡು, ಎಲ್ಲೋ ಯಾರೋ ಬರೆದ ಬೂಟ್ ಆಯ್ಕೆಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋಗುವುದು ಅಪಾಯದ ಅಭ್ಯಾಸ. ಪ್ರೊಸೆಸರ್‌ನ ನಿದ್ರಾಸ್ಥಿತಿಗಳನ್ನೇ ತಡೆಯುವ ಆಯ್ಕೆಯೊಂದು ಪರದೆ ಹೆಪ್ಪುಗಟ್ಟುವುದನ್ನು ತಪ್ಪಿಸಬಹುದು, ಜೊತೆಗೆ ಬ್ಯಾಟರಿಯನ್ನೂ ತಿನ್ನಬಹುದು. ಮೂಲ ದೋಷ ಮುಂದಿನ ಕರ್ನಲ್‌ನಲ್ಲಿ ಸರಿಹೋದ ಮೇಲೂ ಆ ಆಯ್ಕೆ ಅಲ್ಲೇ ಉಳಿದಿರುತ್ತದೆ, ಅದನ್ನು ಹಾಕಿದ್ದು ನೆನಪಿರುವುದಿಲ್ಲ. ಸಹಿಯಿರುವ ಕೋಡನ್ನು ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟನ್ನು ಆರಿಸಿಬಿಡಿ ಎಂಬ ಸಲಹೆಯೂ ಇದೇ ಸಾಲಿಗೆ ಸೇರುತ್ತದೆ. ಉಬುಂಟು, ಫೆಡೋರಾ, ಡೆಬಿಯನ್ ಮೂರೂ ಸೆಕ್ಯೂರ್ ಬೂಟ್ ಆನ್ ಇದ್ದಾಗಲೇ ಏಳುತ್ತವೆ. ಪಕ್ಕದಲ್ಲಿ ವಿಂಡೋಸ್ ಇದ್ದು ಅದರ ಡಿಸ್ಕ್ ಬಿಟ್‌ಲಾಕರ್‌ನಿಂದ ಬೀಗ ಬಿದ್ದಿದ್ದರೆ, ಸೆಕ್ಯೂರ್ ಬೂಟನ್ನು ಮುಟ್ಟಿದೊಡನೆ 48 ಅಂಕಿಗಳ ಕೀಲಿ ಕೇಳಬಹುದು. ಆ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳದವರು ತಮ್ಮ ಕಡತಗಳನ್ನೇ ಕಳೆದುಕೊಳ್ಳಬಹುದು. ಎನ್‌ವಿಡಿಯಾ ಗ್ರಾಫಿಕ್ಸ್ ಇರುವ ಯಂತ್ರದಲ್ಲಿ ಮಾತ್ರ ವಿಷಯ ತುಸು ಬೇರೆ. ಅದರ ಡ್ರೈವರ್ ಕರ್ನಲ್‌ನ ಹೊರಗಿನದು, ಅದಕ್ಕೆ ಅನೇಕ ಸಲ ನಮ್ಮದೇ ಸಹಿಯ ಕೀಲಿಯನ್ನು ಯಂತ್ರದಲ್ಲಿ ನೋಂದಾಯಿಸಬೇಕಾಗುತ್ತದೆ. ಆ ಹೆಜ್ಜೆ ತಪ್ಪಿದರೆ ಡ್ರೈವರ್ ಏಳುವುದಿಲ್ಲ. 2022ರಲ್ಲಿ ಎನ್‌ವಿಡಿಯಾ ಕರ್ನಲ್ ಭಾಗದ ಕೋಡನ್ನು ತೆರೆದ ಮೇಲೆ ಪರಿಸ್ಥಿತಿ ಸುಧಾರಿಸುತ್ತಿದೆ, ಆದರೂ ಆಟ ಅಥವಾ ಎಐ ಕೆಲಸಕ್ಕೆ ಬೇಕಿಲ್ಲದವರು ಆ ಚಿಪ್ ಇಲ್ಲದ ಲ್ಯಾಪ್‌ಟಾಪ್ ಆರಿಸಿದರೆ ಅರ್ಧ ತಲೆನೋವು ಅಲ್ಲೇ ತಪ್ಪುತ್ತದೆ.

ನನ್ನ ವಾದಕ್ಕೆ ಅತ್ಯಂತ ಗಟ್ಟಿ ಆಕ್ಷೇಪ ಮೂರನೆಯದು. ಸಾಮಾನ್ಯ ಕೊಳ್ಳುಗರು ವೈಫೈ ಚಿಪ್‌ನ ಹೆಸರು, ಕ್ಯಾಮೆರಾದ ಬಗೆ, ಕರ್ನಲ್ ಸಂಖ್ಯೆ ಇವನ್ನೆಲ್ಲ ತಿಳಿದು ಕೊಳ್ಳಬೇಕೆನ್ನುವುದು ಆಗುವ ಮಾತೇ? ಆಗುವ ಮಾತಲ್ಲ, ಒಪ್ಪುತ್ತೇನೆ. ತಿಳಿಯಬೇಕೆಂದರೂ ತಿಳಿಯುವುದಿಲ್ಲ. ಆನ್‌ಲೈನ್ ಅಂಗಡಿಯ ವಿವರದಲ್ಲಿ ವೈಫೈ 6 ಎಂದಷ್ಟೇ ಇರುತ್ತದೆ. ಚಿಪ್ ಇಂಟೆಲ್‌ನದೋ, ಮೀಡಿಯಾಟೆಕ್‌ನದೋ, ರಿಯಲ್‌ಟೆಕ್‌ನದೋ ಎಂದು ಇರುವುದಿಲ್ಲ. ಒಂದೇ ಮಾದರಿಯ ಹೆಸರಿನಡಿ ಬೇರೆ ಬೇರೆ ಚಿಪ್ ಹಾಕುವುದೂ ಇದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಲ್ಲಿ ಪರದೆಯ ಅಳತೆ, ರ್‍ಯಾಮ್, ಡಿಸ್ಕ್ ಎಲ್ಲ ಬಾಯಿಪಾಠ ಹೇಳುವವರೂ ಇದನ್ನು ಹೇಳಲಾರರು, ಅವರಿಗೂ ಯಾರೂ ಹೇಳಿರುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಡಾಸ್ ಲ್ಯಾಪ್‌ಟಾಪ್ ಎಂದು ವಿಂಡೋಸ್ ಪರವಾನಗಿಯಿಲ್ಲದ ಯಂತ್ರಗಳನ್ನು ತುಸು ಅಗ್ಗಕ್ಕೆ ಮಾರುತ್ತಾರೆ. ಲಿನಕ್ಸ್ ಹಾಕುವವರು ಅವನ್ನೇ ಕೊಳ್ಳುವುದು ಸಹಜ. ಆದರೆ ವಿಂಡೋಸ್ ಇಲ್ಲ ಎಂದಾಕ್ಷಣ ಲಿನಕ್ಸ್‌ಗೆ ಹೊಂದುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಕೊಳ್ಳುಗರ ಕೈಯಲ್ಲಿ ಸದ್ಯಕ್ಕಿರುವುದು ಎರಡೇ ಸಾಧನ. ಉಬುಂಟು ತಾನು ಪರೀಕ್ಷಿಸಿದ ಮಾದರಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಅದನ್ನು ನೋಡಬಹುದು. ಇನ್ನೊಂದು ಲೈವ್ ಪೆನ್‌ಡ್ರೈವ್: ಡಿಸ್ಕನ್ನು ಮುಟ್ಟದೆ ಯಂತ್ರವನ್ನು ಲಿನಕ್ಸ್‌ನಲ್ಲಿ ಎಬ್ಬಿಸಿ, ವೈಫೈ, ಸದ್ದು, ಮೈಕ್, ಕ್ಯಾಮೆರಾ, ಮುಚ್ಚಿ ತೆರೆಯುವುದು, ಹೊರಗಿನ ಪರದೆ ಇಷ್ಟನ್ನೂ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ನೋಡಿಬಿಡಬೇಕು. ವಿಂಡೋಸ್ ಅಳಿಸುವುದಾದರೆ ಅದಕ್ಕೂ ಮೊದಲು ಅದರೊಳಗಿನಿಂದಲೇ ಬಯೋಸನ್ನು ಹೊಸದಾಗಿಸಿಕೊಳ್ಳುವುದು ಜಾಣತನ; ಎಲ್ಲ ಕಂಪನಿಗಳೂ ಎಲ್‌ವಿಎಫ್‌ಎಸ್‌ನಲ್ಲಿಲ್ಲ.

ಕನ್ನಡ ಬಳಸುವವರಿಗೆ ಸರಿಯಾಗಿ ನಡೆಯುವುದು ಎಂದರೆ ಕನ್ನಡ ನಡೆಯುವುದೂ ಹೌದು. ಇಲ್ಲಿ ಪರಿಸ್ಥಿತಿ ತಿರುವುಮುರುವು. ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಮೂಲ ಕೀಲಿಮಣೆ ಸಂಗ್ರಹದಲ್ಲೇ ಇದೆ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳು ಡಿಸ್ಟ್ರೊಗಳ ಜೊತೆಯಲ್ಲೇ ಸಿಗುತ್ತವೆ. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಲ್ಲ ಡಿಸ್ಟ್ರೊಗಳಿಗೂ ಒಂದೇ. ಹಳೆಯ ನುಡಿ ಕಡತಗಳು ಯೂನಿಕೋಡ್‌ನಲ್ಲಿಲ್ಲದ ಕಾರಣ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಕಚೇರಿಗಳಿಗೆ ಇದು ಸಣ್ಣ ಅಡಚಣೆಯೇನಲ್ಲ. ಅದೊಂದನ್ನು ಬಿಟ್ಟರೆ, ಅಗ್ಗದ ಯಂತ್ರವಿರಲಿ ದುಬಾರಿ ಯಂತ್ರವಿರಲಿ, ಹೊಸದಿರಲಿ ಹಳೆಯದಿರಲಿ, ಕನ್ನಡ ಒಂದೇ ರೀತಿ ನಡೆಯುತ್ತದೆ. ಯಾವ ಕಂಪನಿಯ ಅನುಮತಿಗೂ ಕಾಯದೆ, ಕೋಡ್ ತೆರೆದಿದ್ದರಿಂದ, ಆಸಕ್ತರು ಇದನ್ನು ಮಾಡಿ ಮುಗಿಸಿದ್ದಾರೆ. ಸ್ಪೀಕರ್, ಕ್ಯಾಮೆರಾಗಳಿಗೆ ಆ ಭಾಗ್ಯವಿಲ್ಲದಿರುವುದು ಅಭಿವೃದ್ಧಿಗಾರರ ಸಾಮರ್ಥ್ಯದ ಕೊರತೆಯಿಂದಲ್ಲ ಎನ್ನಲು ಇದಕ್ಕಿಂತ ಹತ್ತಿರದ ಪುರಾವೆ ಬೇಡ.

ಒಬ್ಬೊಬ್ಬರೇ ಕೊಳ್ಳುವಾಗ ಕಂಪನಿಗಳ ಮೇಲೆ ಒತ್ತಡ ಹುಟ್ಟುವುದಿಲ್ಲ. ಸಾವಿರಗಟ್ಟಲೆ ಕೊಳ್ಳುವವರು ಕೇಳಿದರೆ ಹುಟ್ಟುತ್ತದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ತನ್ನದೇ ವ್ಯವಸ್ಥೆಯನ್ನು ನಡೆಸುತ್ತಿದೆ. ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಹಂಚಿದ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್‌ನ ಜೊತೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಇತ್ತು. ಕರ್ನಾಟಕವೂ ವಿದ್ಯಾರ್ಥಿಗಳಿಗೆ, ಕಚೇರಿಗಳಿಗೆ ಲ್ಯಾಪ್‌ಟಾಪ್ ಕೊಳ್ಳುತ್ತದೆ. ಅದರ ಟೆಂಡರ್‌ನಲ್ಲಿ ಸೇರಬೇಕಾದದ್ದು ಹೆಚ್ಚೇನಿಲ್ಲ: ವೈಫೈ, ಆಡಿಯೊ, ಕ್ಯಾಮೆರಾ, ಬೆರಳಚ್ಚು ಓದುವ ಚಿಪ್‌ಗಳ ಹೆಸರನ್ನು ಮಾದರಿಯ ಜೊತೆ ಬರೆದು ಕೊಡಬೇಕು, ಅವುಗಳ ಡ್ರೈವರ್ ಮುಖ್ಯ ಕರ್ನಲ್‌ನ ಯಾವ ಆವೃತ್ತಿಯಲ್ಲಿದೆ ಎಂದು ತಿಳಿಸಬೇಕು, ಸರಬರಾಜಿನ ನಡುವೆ ಚಿಪ್ ಬದಲಿಸಿದರೆ ಮೊದಲೇ ಹೇಳಬೇಕು, ಬಯೋಸ್ ಅಪ್‌ಡೇಟ್‌ಗಳನ್ನು ಎಲ್‌ವಿಎಫ್‌ಎಸ್‌ನಲ್ಲೂ ಇಡಬೇಕು. ಇವುಗಳಲ್ಲಿ ಮೊದಲ ಎರಡರ ಉತ್ತರ ತಯಾರಕರ ಬಳಿ ಈಗಲೇ ಇದೆ, ಒಂದು ಹಾಳೆಯಲ್ಲಿ ಬರೆದು ಕೊಡುವಷ್ಟು. ಆ ಹಾಳೆ ಒಮ್ಮೆ ಸರ್ಕಾರಕ್ಕೆ ಬಂದರೆ ಅದನ್ನು ಪ್ರಕಟಿಸಲು ಖರ್ಚಿಲ್ಲ, ಅದೇ ಮಾದರಿಯನ್ನು ಅಂಗಡಿಯಲ್ಲಿ ಕೊಳ್ಳುವವರಿಗೂ ಅದು ಸಿಗುತ್ತದೆ.